ವೆಬ್‌ಸೈಟಿಗೆ ಟೇಪು ಹಿಡಿದ ಜಯಕ್ಕ

ಹೊಳೆನರಸೀಪುರದಲ್ಲಿ ಬ್ಲೌಸ್ ಹೊಲಿಯುವ ಜಯಕ್ಕನಿಗೆ ನಾನೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನನ್ನ ಕಂಪ್ಯೂಟರಿನ ಅಗಲಕ್ಕೆ ಅದು ಚೆನ್ನಾಗಿಯೇ ಕೂತಿತ್ತು. ಮರುದಿನವೇ ಫೋನ್ ಬಂತು.

“ಅಣ್ಣೋ, ಚನ್ನರಾಯಪಟ್ಟಣದ ಮದುವೆ ಮನೆಯೋರು ಮೊಬೈಲಲ್ಲಿ ನೋಡವ್ರೆ. ಫೋಟೋದಲ್ಲಿರೋ ಬ್ಲೌಸಿಗೆ ಒಂದೇ ತೋಳು ಕಾಣ್ತದಂತೆ! ಸಂಜೆಯೊಳಗೆ ಸರಿಯಾಗ್ದಿದ್ರೆ ಬ್ಯಾರೆಯೋರ ತಾವ ಓಯ್ತಾರಂತೆ.”

ತಪ್ಪು ನನ್ನದೇ. ಒಪ್ಪಿಕೊಂಡು ಅಭ್ಯಾಸವಿಲ್ಲ. “ಹಾಗಾದ್ರೆ ಎಲ್ಲರ ಮೊಬೈಲಿನ ಅಗಲ ಅಳೆದು ತನ್ನಿ ಅಕ್ಕ” ಎಂದು ತಮಾಷೆಗೆ ಹೇಳಿದೆ.

ಮಧ್ಯಾಹ್ನ ಜಯಕ್ಕ ಹಾಸನದ ನನ್ನ ಆಫೀಸಿಗೇ ಬಂದಿಳಿದರು. ಕೊರಳಲ್ಲಿ ಟೇಪು, ಕೈಯಲ್ಲಿ ಅಳತೆ ಪುಸ್ತಕ. ಅದರಲ್ಲಿ ಬಸ್ ಕಂಡಕ್ಟರನದೂ ಸೇರಿ ಹದಿನೇಳು ಮೊಬೈಲಿನ ಅಳತೆ, ಒಂದರಂತೆ ಒಂದಿಲ್ಲ. ಯಾವುದಕ್ಕೆಂದು ಕೂರಿಸಲಿ? ನನಗೇ ತಲೆ ತಿರುಗಿತು.

“ನಾವು ಒಳಗಡೆ ಒಸಿ ಜಾಸ್ತಿ ಬಟ್ಟೆ ಬಿಟ್ಟು ಹೊಲಿತೀವಿ ಕಣಣ್ಣ, ಮೈಗೆ ತಕ್ಕಂಗೆ ಹೊಲಿಗೆ ಬಿಚ್ಕೊಳ್ಳಲಿ ಅಂತ. ನಿಮ್ದ್ರಲ್ಲಿ ಅಂಗೆ ಆಗಕಿಲ್ವಾ?”

ಆಗುತ್ತದೆ. ಸೋಮಾರಿತನದಿಂದ ನಾನೇ ಮಾಡಿರಲಿಲ್ಲ. ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಹಾಗೆ ತಿದ್ದಿದೆ. ಸಂಜೆಗೆ ಎರಡೂ ತೋಳು ಬಂದವು, ಮದುವೆ ಮನೆಯವರು ಉಳಿದರು.

ವಾರದ ಮೇಲೆ ಜಯಕ್ಕ ನನ್ನ ಕಂಪ್ಯೂಟರಿಗೊಂದು ಕವರ್ ಹೊಲಿದು ಕಳಿಸಿದರು. ಅಳತೆ ಕರಾರುವಾಕ್ಕಾಗಿದೆ. ಅದಕ್ಕೆ ಒಂದು ತೋಳು ಯಾಕಿದೆ ಎಂದು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.