ಗೆಜ್ಜೆ ಕೇಳಿಸ್ತಾ?

ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ರಾಮನಗರದ ನಮ್ಮ ಮನೆಯಲ್ಲಿ ಮಾತ್ರ ಎರಡು ವರ್ಷ ಆ ಪದ್ಧತಿ ನಿಂತೇ ಹೋಗಿತ್ತು. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಗಂಡ ಅವರ ರಟ್ಟೆ ಹಿಡಿದು, ನಡುಮನೆಯಲ್ಲಿ ಇಟ್ಟಿದ್ದ ಒಂದೇ ಒಂದು ಕುರ್ಚಿಯ ಮೇಲೆ ಕೂರಿಸಿಬಿಡುತ್ತಿದ್ದರು. ಆ ಕುರ್ಚಿಯ ನಾಲ್ಕು ಕಾಲುಗಳು ಎಲ್ಲಿರಬೇಕು ಎಂದು ನೆಲದ ಮೇಲೆ ಗುರುತು ಹಾಕಿದ್ದರು, ಅದೂ ನಾನು ಪಾಠ ಮಾಡುವ ಶಾಲೆಯ ಸೀಮೆಸುಣ್ಣದಲ್ಲಿ. ನಾನು ದಿನಾ ಒರೆಸುವುದು, ಅವರು ದಿನಾ ಬರೆಯುವುದು.

ಕುರ್ಚಿಯ ಎದುರಿಗೆ ನನ್ನ ಎದೆಯೆತ್ತರದ ಎರಡು ಸ್ಪೀಕರುಗಳು. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದ ಕಾಲ ಅದು. ಕೂಟಗಲ್ಲಿನಲ್ಲಿ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಮನೆಯ ಕಿರಿಯ ಮಗನಾದ ನನ್ನ ಗಂಡ ಐಟಿಐ ಮುಗಿಸಿ ಅಂಥದೊಂದು ಫ್ಯಾಕ್ಟರಿಗೆ ಸೇರಿದ್ದರು. ತಗಡಿನ ಹಾಳೆಯನ್ನು ಒಂದೇ ಏಟಿಗೆ ಕಾರಿನ ಬಾಗಿಲಾಗಿ ಒತ್ತುವ ದೊಡ್ಡ ಪ್ರೆಸ್ಸಿನ ಪಕ್ಕದಲ್ಲಿ ಅವರ ಕೆಲಸ. ಅಲ್ಲಿನ ಯಾರೋ ಇಂಜಿನಿಯರರ ಮನೆಯಲ್ಲಿ ಒಂದು ಸಲ ಇಂಥ ಸ್ಪೀಕರ್ ಕೇಳಿ ಬಂದದ್ದೇ ತಡ, ಇವರಿಗೆ ನಿದ್ದೆ ಹೋಯಿತು. ಬೋನಸ್ ಬಂದ ವಾರವೇ ಸ್ಪೀಕರ್ ಮನೆಗೆ ಬಂತು, ನನ್ನ ನಿದ್ದೆಯೂ ಹೋಯಿತು.

ಒಳ್ಳೆಯ ಸ್ಪೀಕರ್ ತಂದವರು ಒಳ್ಳೆಯ ಹಾಡು ಕೇಳುತ್ತಾರೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ಹಾಡು ಚೆನ್ನಾಗಿದೆಯೋ ಇಲ್ಲವೋ ಅದು ಅವರಿಗೆ ಬೇಕೇ ಇರಲಿಲ್ಲ. ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ, ಇವರು ಪ್ರತಿ ಹಾಡಿನ ಬಾಯಿ ಬಿಡಿಸಿ ನೋಡುತ್ತಿದ್ದರು. ನನಗೆ ಇಷ್ಟವಾದ ಭಾವಗೀತೆಯ ಸಿ.ಡಿ.ಯನ್ನು ಅರ್ಧ ನಿಮಿಷಕ್ಕೇ ತೆಗೆದು ನನ್ನ ಕೈಗಿಟ್ಟರು.

"ಇದ್ರಲ್ಲಿ ಏನೂ ಇಲ್ಲ ಕಣೆ, ಬರೀ ಗಂಟ್ಲು."

ಬರೀ ಗಂಟಲಂತೆ! ಹಾಡಿನಲ್ಲಿ ಗಂಟಲಲ್ಲದೆ ಇನ್ನೇನು ಗೇರುಬೀಜ ಇರಬೇಕಿತ್ತೇ ಎಂದು ಕೇಳಿದೆ. ಅವರು ಆಗಲೇ ಮುಂದಿನ ಸಿ.ಡಿ. ಒರೆಸುತ್ತಿದ್ದರು.

ತಿಂಗಳುಗಟ್ಟಲೆ ಸೋಸಿ ಸೋಸಿ ಕೊನೆಗೆ ಅವರು ಆರಿಸಿದ್ದು ಯಾವುದೋ ನಾಟ್ಯದ ಸಂಗೀತ. ಮೊದಲು ಪಿಟೀಲು, ಆಮೇಲೆ ಮೃದಂಗ, ಅದಾದ ಮೇಲೆ ಒಂದು ಗಳಿಗೆ ಎಲ್ಲವೂ ನಿಂತು ಗೆಜ್ಜೆ. ಕಣ್ಣು ಮುಚ್ಚಿ ಕೂತರೆ ಯಾರೋ ಹೆಣ್ಣುಮಗಳು ಎಡಗಡೆಯ ಗೋಡೆಯಿಂದ ಬಂದು, ನಮ್ಮ ಮುಂದೆಯೇ ನಡೆದು, ಬಲಗಡೆಯ ಕಿಟಕಿಯತ್ತ ಹೋದ ಹಾಗೆ. ಮೊದಲ ಸಲ ಕೇಳಿದಾಗ ನನ್ನ ಮೈಯೂ ಜುಮ್ಮೆಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಗೆಜ್ಜೆ ಆ ಕಿಟಕಿ ತಲುಪಿದ್ದೇ ತಡ ಅವರು ಸಿ.ಡಿ. ನಿಲ್ಲಿಸಿ, "ಗೆಜ್ಜೆ ಕೇಳಿಸ್ತಾ?" ಎಂದು ಬಂದವರ ಮುಖ ನೋಡುತ್ತಿದ್ದರು. ಹಾಲಿನವನು ಕೇಳಿಸಿಕೊಂಡ, ವಿಮೆಯವರು ಕೇಳಿಸಿಕೊಂಡರು, ಮನೆಗಣತಿಗೆ ಬಂದ ನನ್ನ ಶಾಲೆಯ ಮೇಷ್ಟ್ರೂ ಕೇಳಿಸಿಕೊಂಡರು.

ಕೂಟಗಲ್ಲಿನಿಂದ ಬಂದ ನಮ್ಮ ಬಾವನವರು, ಅಂದರೆ ಅವರ ಅಣ್ಣ, ಕುರ್ಚಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳಿದರು. ಊರಿನಲ್ಲಿ ಸೌಂಡ್ ಸೆಟ್ಟಿನ ಯೋಗ್ಯತೆ ಅಳೆಯುವ ವಿಧಾನವೇ ಬೇರೆ. ಮದುವೆ ಮನೆಯಲ್ಲಿ ಹಾಕಿದ್ದು ಎಷ್ಟು ಊರಾಚೆಗೆ ಕೇಳಿಸಿತು ಎಂಬುದೇ ಅಲ್ಲಿ ಲೆಕ್ಕ. ಹಾರ್ನ್‌ಗಳ ಬಾಯಿಯನ್ನು ನೆಂಟರಿರುವ ಊರಿನ ಕಡೆಗೇ ತಿರುಗಿಸಿ ಕಟ್ಟುತ್ತಾರೆ. ಬಾವನವರು ಎದ್ದು ಬೀದಿಗೆ ಹೋಗಿ, ಅಲ್ಲಿಂದ ಇನ್ನೂ ಹತ್ತು ಹೆಜ್ಜೆ ಹೋಗಿ, ವಾಪಸು ಬಂದರು.

"ಇದೇನ್ಲಾ ಇದು, ಗೇಟ್ ದಾಟಕಿಲ್ಲ! ಇಷ್ಟುದ್ದ ಐತೆ, ಸದ್ದೇ ಇಲ್ವಲ್ಲೋ."

"ಸದ್ದಲ್ಲ ಕಣಣ್ಣ, ಗೆಜ್ಜೆ. ಗೆಜ್ಜೆ ಕೇಳಿಸ್ತಾ?"

"ಗೆಜ್ಜೆ ಕೇಳಾಕೆ ಇದ್ಯಾಕ್ಲಾ? ಎತ್ತಿನ ಕೊಳ್ಗೆ ಕಟ್ಟಿದ್ರೆ ಆಯ್ತದೆ."

ಕೋಣನ ಮುಂದೆ ಕಿನ್ನರಿ ಎಂದು ಇವರು ಅಡುಗೆಮನೆಗೆ ಬಂದು ಗೊಣಗಿದರು. ನಾನು ಅಂದು ಬಾವನವರಿಗೆ ಒಂದು ಮುದ್ದೆ ಹೆಚ್ಚಿಗೇ ಬಡಿಸಿದೆ.

ಆ ವರ್ಷದ ಆಯುಧಪೂಜೆಯಲ್ಲಿ ನನ್ನಿಂದ ಒಂದು ಅಪರಾಧವಾಯಿತು. ಅಥವಾ ಹಾಗೆಂದು ನಾನು ಬಹಳ ಕಾಲ ನಂಬಿದ್ದೆ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮವಿಟ್ಟ ಮೇಲೆ ಸ್ಪೀಕರುಗಳನ್ನು ಬಿಟ್ಟರೆ ತಪ್ಪಾಗುತ್ತದಲ್ಲ ಎಂದು ಮುಂದಿನ ಬಟ್ಟೆಯ ಚೌಕಟ್ಟನ್ನು ಬಿಚ್ಚಿದೆ. ಕೆಳಗಿನ ದೊಡ್ಡ ಕರಿ ಬಟ್ಟಲಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದೆ. ಮೇಲುಗಡೆ ಪುಟ್ಟದೊಂದು ಗುಂಡನೆಯ ಉಬ್ಬು ಹಣೆಯ ಹಾಗೆಯೇ ಕಂಡಿತು, ಅದರ ನಡುವೆ ಒದ್ದೆ ಕುಂಕುಮದ ಬೊಟ್ಟಿಟ್ಟೆ. ಅದರ ಹೆಸರು ಟ್ವೀಟರ್ ಎಂದೂ, ಗೆಜ್ಜೆಯಂಥ ಸಣ್ಣ ದನಿಗಳೆಲ್ಲ ಹೊರಡುವುದೇ ಅಲ್ಲಿಂದ ಎಂದೂ, ಅದನ್ನು ಬೆರಳಿಂದ ಮುಟ್ಟುವುದೇ ಮಹಾಪಾಪ ಎಂದೂ ನನಗೆ ಸಂಜೆ ತಿಳಿಯಿತು. ಅಂದು ಅವರು ಕೂಗಾಡಲಿಲ್ಲ. ನನ್ನ ಶಾಲೆಯ ಮಕ್ಕಳ ಪೇಂಟಿಂಗ್ ಬ್ರಷ್ಷಿನಿಂದ ಕುಂಕುಮ ಕೆರೆಯುತ್ತಾ ಕೂತರು.

ಮೂರು ತಿಂಗಳಾದ ಮೇಲೆ ಶುರುವಾಯಿತು.

"ಗೆಜ್ಜೆ ಮಂಕಾಗೈತೆ. ಮೊದ್ಲಿನಂಗಿಲ್ಲ."

"ನಂಗೆ ಕೇಳಿಸ್ತಾ ಇದೆಯಲ್ರೀ."

"ನಿಂಗೆ ಮೊದ್ಲು ಹೆಂಗಿತ್ತು ಅಂತ ಏನ್ ಗೊತ್ತು? ನಿನ್ ಕುಂಕುಮ ಒಳೀಕೆ ಇಳಿದೈತೆ."

ತಪ್ಪು ಮಾಡಿದವಳ ಕಿವಿಗೆ ಯಾವ ಬೆಲೆ? ಸ್ಪೀಕರ್ ಅಂಗಡಿಯವನು ಬಂದು, ಬಿಚ್ಚಿ ನೋಡಿ, ಏನೂ ಆಗಿಲ್ಲ ಸಾರ್ ಎಂದು ಕಾಫಿ ಕುಡಿದು ಹೋದ. ಅವನಿಗೆ ಕಿವಿಯೇ ಇಲ್ಲ ಎಂದು ಇವರು ತೀರ್ಪು ಕೊಟ್ಟರು. ಆಮೇಲೆ ಮತ್ತೆ ಸಂಗೀತದ ಹುಡುಕಾಟ. ಗೆಜ್ಜೆ ಸಾಲದಾಗಿ ಜಲತರಂಗ ಬಂತು, ಜಲತರಂಗ ಸಾಲದಾಗಿ ತಾಳ, ಕೊನೆಗೆ ಬರೀ ಗಾಜಿನ ಬಳೆ ಅಲ್ಲಾಡಿಸಿದಂಥ ಸದ್ದುಗಳಿರುವ ಯಾವುದೋ ಪರದೇಶದ ಸಿ.ಡಿ. ದಿನದಿಂದ ದಿನಕ್ಕೆ ಹರಿತವಾದದ್ದೇ ಬೇಕು. ಸಣ್ಣ ದನಿಗಳನ್ನು ಏರಿಸುವ ಟ್ರೆಬಲ್ ಎಂಬ ತಿರುಪನ್ನು ತಿರುಗಿಸುವಷ್ಟೂ ತಿರುಗಿಸಿಟ್ಟರು. ಹಾಡುವವರು ಒಂದು ಸಕಾರ ನುಡಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯುತ್ತಿತ್ತು. ಉತ್ತರಪತ್ರಿಕೆ ತಿದ್ದಲು ಕೂತರೆ ನನ್ನ ತಲೆ ಚಿಟ್ಟು ಹಿಡಿದು, ಪಾಪ, ಮಕ್ಕಳ ಅಂಕಗಳೂ ಒಂದೆರಡು ಇಳಿದಿರಬೇಕು.

ತಡೆಯಲಾರದೆ ಒಂದು ದಿನ ಬೀರುವಿನ ಮೇಲಿನ ಬಿಸ್ಕತ್ ಡಬ್ಬ ಇಳಿಸಿದೆ. ಕಂಪನಿ ಕೊಟ್ಟಿದ್ದನ್ನು ಬಳಸಿ ಹಾಳುಮಾಡಬಾರದು ಎಂಬುದು ಅವರ ಮನೆತನದ ನಿಯಮ. ಕಂಪನಿಯ ಬೂಟು ಮದುವೆಗಳಿಗೆ, ಕಂಪನಿಯ ಸೋಪು ನೆಂಟರಿಗೆ, ಕಂಪನಿಯ ಕೈಗವಸು ಕೂಟಗಲ್ಲಿನ ಬಾವನವರಿಗೆ. ಯಾರಿಗೂ ಉಪಯೋಗಕ್ಕೆ ಬಾರದ್ದೆಂದು ಡಬ್ಬದಲ್ಲಿ ಉಳಿದಿದ್ದವು ಕಿತ್ತಳೆ ಬಣ್ಣದ, ದಾರ ಪೋಣಿಸಿದ, ಕಿವಿಗೆ ಇಟ್ಟುಕೊಳ್ಳುವ ಬಿರಡೆಗಳು. ಒಂದೊಂದು ಜೊತೆಗೂ ಒಂದೊಂದು ಪುಟ್ಟ ಕವರು. ಒಂದನ್ನು ಹರಿದು ಕಿವಿಗೆ ಒತ್ತಿಕೊಂಡೆ. ಆಹಾ, ಎಂಥ ನೆಮ್ಮದಿ! ಅಂದಿನಿಂದ ಅವರು ಸ್ಪೀಕರ್ ಹಾಕುವುದು, ನಾನು ಬಿರಡೆ ಹಾಕಿಕೊಳ್ಳುವುದು ನಡೆಯಿತು. ನನ್ನ ಬುದ್ಧಿಗೆ ಆಗಲೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಗುಡೇಮಾರನಹಳ್ಳಿಯಿಂದ ನಮ್ಮವ್ವ ಬಂದಾಗ. ಅವ್ವನಿಗೆ ಎಪ್ಪತ್ತು ದಾಟಿತ್ತು, ಕಿವಿ ಮಾತ್ರ ಬಾವಿಯ ತಳದ್ದನ್ನೂ ಎತ್ತುವ ಪಾತಾಳಗರಡಿ, ಹಿತ್ತಿಲಲ್ಲಿ ಕೋಳಿ ಕೆರೆದರೂ ಗೊತ್ತಾಗುತ್ತಿತ್ತು. ಅವ್ವನನ್ನೂ ಕುರ್ಚಿಗೆ ಕೂರಿಸಿದರು. ಪಿಟೀಲು ಶುರುವಾಗುತ್ತಲೇ ಅವ್ವ ಮುಖ ಕಿವುಚಿದಳು.

"ಒಸಿ ಮೆತ್ತಗೆ ಮಡಗಪ್ಪ. ಕಿವಿಗೆ ಸೂಜಿ ಚುಚ್ಚಿದಂಗೆ ಆಯ್ತದೆ."

ಅತ್ತೆಯ ಮಾತೆಂದು ಇವರು ಮರು ಮಾತಾಡದೆ ಎಲ್ಲ ತಿರುಪುಗಳನ್ನೂ ಇಳಿಸಿದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಸಂಗೀತ ಸಂಗೀತದ ಹಾಗೆ ಕೇಳಿಸಿತು. ಮೃದಂಗ ನಿಂತಿತು. ಇವರು ಬೆರಳೆತ್ತಿ ನಿಂತರು. ಗೆಜ್ಜೆ ಎಡಗಡೆಯಿಂದ ಬಂತು, ಅವ್ವನ ಮುಂದೆ ನಡೆಯಿತು, ಕಿಟಕಿಯತ್ತ ಹೋಯಿತು. ಅವರ ಬೆರಳು ಎತ್ತಿದಂತೆಯೇ ಇತ್ತು.

"ತಡೀರಿ ಅತ್ತೆ, ಈಗ ಬತ್ತದೆ. ಈಗ ಗೆಜ್ಜೆ ಬತ್ತದೆ."

ಅವ್ವ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. "ಆಗ್ಲೇ ಬಂದು ಆ ಕಡೀಕೆ ಹೋದ್ಲಲ್ಲಪ್ಪ," ಎಂದಳು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನನ್ನ ಕುಂಕುಮ ಅಂದರು! ಇಷ್ಟು ತಿಂಗಳು ನಾನು ಕಳ್ಳಿಯ ಹಾಗೆ ಆ ಸ್ಪೀಕರಿನ ಮುಂದೆ ತಲೆ ತಗ್ಗಿಸಿ ಓಡಾಡಿದ್ದೆ. ಆಮೇಲೆ ಬಿಸ್ಕತ್ ಡಬ್ಬ ನೆನಪಾಯಿತು. ಡಬ್ಬ ತಂದು ಅವರ ಮುಂದೆ ಸುರಿದೆ. ನಾನು ಹರಿದ ಎರಡು ಮೂರು ಬಿಟ್ಟರೆ ಒಂದು ಕವರೂ ಬಿಚ್ಚಿರಲಿಲ್ಲ. ಆ ಪ್ರೆಸ್ಸಿನ ಏಟಿನ ಪಕ್ಕದಲ್ಲೇ ಎಂಟು ವರ್ಷ ದುಡಿದರೂ ಅವರು ಒಂದು ದಿನವೂ ಅದನ್ನು ಕಿವಿಗಿಟ್ಟವರಲ್ಲ.

"ಅದ್ನ ಹಾಕ್ಕಂಡ್ರೆ ಫ್ಯಾಕ್ಟ್ರಿ ಹುಡುಗ್ರು ಮಾತಾಡೋದು ಕೇಳಾಕಿಲ್ಲ ಕಣೆ. ಕರುದ್ರೆ ತಿರುಗ್ಲಿಲ್ಲ ಅಂದ್ರೆ ಏನ್ಲಾ ಕಿವುಡ ಅಂತಾರೆ."

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಕೋಣೆಯೊಂದರಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಿ ಎಂದರು. ನಾನು ಹೊರಗೆ ನಿಂತಿದ್ದೆ. ಡಾಕ್ಟರಮ್ಮ ಗುಂಡಿ ಒತ್ತುತ್ತಲೇ ಇದ್ದರು, ಬೆರಳು ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಷ್ಟೋ ಹೊತ್ತಿಗೆ ಅವರು ನನ್ನ ಮುಖ ನೋಡಿದರು, ಪರೀಕ್ಷೆಯಲ್ಲಿ ಪಕ್ಕದವನ ಕಡೆ ನೋಡುವ ಮಕ್ಕಳ ಹಾಗೆ. ನಾನು ಮುಖ ತಿರುಗಿಸಿಕೊಂಡೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ಪ್ರೆಸ್ಸಿನ ಹತ್ತಿರ ಬಿರಡೆ ಇಲ್ಲದೆ ಒಂದು ಗಂಟೆಯೂ ನಿಲ್ಲಬೇಡಿ ಎಂದು ಡಾಕ್ಟರಮ್ಮ ಹೇಳಿದರು.

ಅಷ್ಟಾದ ಮೇಲೂ ಈ ಮನುಷ್ಯ ಬಿರಡೆ ಮುಟ್ಟಲಿಲ್ಲ. ಹಾಕಿಕೊಂಡರೆ ಕಿವುಡ ಅನ್ನುತ್ತಾರೆ ಎಂದು ಹಾಕಿಕೊಳ್ಳದೆ ಕಿವುಡಾಗುತ್ತಿರುವವರಿಗೆ ಯಾವ ಮೇಷ್ಟ್ರು ಪಾಠ ಹೇಳಬೇಕು? ಎರಡು ವಾರ ನಾನು ಒಳ್ಳೆಯ ಮಾತಲ್ಲಿ ಹೇಳಿದೆ. ಕೊನೆಗೊಂದು ಬೆಳಿಗ್ಗೆ, ಅವರು ಬಾಗಿಲಲ್ಲಿ ಬೆನ್ನು ಮಾಡಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಅಡುಗೆಮನೆಯಿಂದಲೇ ಅಂದುಬಿಟ್ಟೆ: "ಇವ್ರ ಜೊತೆ ಬಾಳೋದೂ ಒಂದೇ, ಗೋಡೆ ಜೊತೆ ಬಾಳೋದೂ ಒಂದೇ."

ಅವರು ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ, ನಗು ಇತ್ತು. "ಏನಂದೆ?" ಎಂದರು.

ಸಿಟ್ಟಿನ ಮಾತನ್ನು ಒಂದು ಸಲ ಆಡುವುದು ಸುಲಭ. ಎರಡನೇ ಸಲ, ಅದೂ ನಗುವ ಮುಖದ ಹತ್ತಿರ ಹೋಗಿ, ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಹತ್ತಿರ ಹೋದೆ. ಬಾಯಿ ತೆರೆದೆ. ಅಳು ಬಂತು. ನಾನು ಅತ್ತದ್ದು ಅವರಿಗೆ ಕೇಳಿಸಿತೋ ಬರೀ ಕಂಡಿತೋ ಗೊತ್ತಿಲ್ಲ, ಅವರು ಎದ್ದು ಒಳಗೆ ಹೋಗಿ ಡಬ್ಬದಿಂದ ಒಂದು ಕವರು ತಂದರು.

"ಇದ್ನ ಇಟ್ಕಂಡ್ರೆ ಅಲ್ಲಿ ಏನೂ ಕೇಳ್ಸಾಕಿಲ್ಲ ಕಣೆ," ಎಂದರು.

"ಅಲ್ಲಿ ಏನೂ ಕೇಳಿಸೋದು ಬೇಡ," ಎಂದೆ. "ಉಳಿದಿರೋದನ್ನ ಮನೆಗೆ ತನ್ನಿ."

ಬೀದಿಯ ತುದಿಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಅವರು ಅತ್ತ ತಿರುಗದೆ, ಕವರನ್ನು ಜೇಬಿಗೆ ಹಾಕಿಕೊಂಡು, ನನ್ನ ತುಟಿಯನ್ನೇ ನೋಡುತ್ತಾ ಇನ್ನೊಂದು ಗಳಿಗೆ ನಿಂತರು.

"ಬಸ್ ಬಂತು," ಎಂದೆ.