ಸಾಂಬಾರು ಮೂಸುವ ಮೂಗು

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ. ನನಗೆ ಕೊಟ್ಟದ್ದು ಮೂಗು. ನೋಡಲಿಕ್ಕೆ ಏನೂ ಚೆಂದವಿಲ್ಲ. ಆದರೆ ಮುಂಬೈಯ ಗೋರೆಗಾಂವ್ ಸ್ಟೇಷನ್ನಿನ ಬದಿಯ ನನ್ನ ಸಣ್ಣ ಉಡುಪಿ ಹೋಟೆಲು ನಡೆಯುವುದೇ ಅದರ ಮೇಲೆ. ಗಲ್ಲಾದ ಮೇಲಿನ ಕೃಷ್ಣನ ಪಟಕ್ಕೆ ನೈವೇದ್ಯವಾಗುವ ಮೊದಲು ನಮ್ಮಲ್ಲಿ ಯಾರೂ ಸಾಂಬಾರನ್ನು ನಾಲಗೆಗೆ ತಾಗಿಸುವಂತಿಲ್ಲ. ಉಪ್ಪು, ಹುಳಿ, ಇಂಗು ಎಲ್ಲವನ್ನೂ ಆವಿಯಲ್ಲೇ ಮೂಸಿ ಹೇಳಬೇಕು. ಅಪ್ಪನಿಂದ ಬಂದ ವಿದ್ಯೆ ಇದೊಂದೇ.

ಕಳೆದ ವರ್ಷ ಇಂಗು ಕೆಟ್ಟುಹೋಯಿತು. ಹಾಗೆಂದು ನಾನು ನಂಬಿದೆ. ಎಷ್ಟು ಹಾಕಿದರೂ ಪರಿಮಳವಿಲ್ಲ. ಬೈಕುಲ್ಲಾದ ವ್ಯಾಪಾರಿಯೊಡನೆ ಜಗಳವಾಡಿ ಅಂಗಡಿ ಬದಲಿಸಿದೆ, ಕೈ ಇನ್ನಷ್ಟು ಧಾರಾಳ ಮಾಡಿದೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎನ್ನುತ್ತಾರೆ. ಎಷ್ಟು ಇಂಗಿಗೆ ಮನುಷ್ಯ ಮಂಗನಾಗುತ್ತಾನೆ ಎಂಬುದನ್ನು ಗಾದೆ ಹೇಳುವುದಿಲ್ಲ. ನಿತ್ಯ ಬರುವ ಧಾರವಾಡದ ಮಾಸ್ತರರು ಒಂದು ದಿನ ಬಟ್ಟಲು ಸರಿಸಿ, "ಭಟ್ಟರ, ಇದು ಇಂಗ ಹಾಕಿದ ಸಾಂಬಾರೋ, ಸಾಂಬಾರ ಹಾಕಿದ ಇಂಗೋ?" ಎಂದು ಕೇಳಿದರು. ಅದೇ ಸಂಜೆ ಹೋಟೆಲಿಗೆ ಬಂದ ಹೆಂಡತಿ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಕೆಟ್ಟದ್ದು ಇಂಗಲ್ಲ ಮಾರಾಯ್ರೆ, ನಿಮ್ಮ ಮೂಗು."

ಬಾಂದ್ರಾದ ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ಸತ್ತ ದವಡೆಹಲ್ಲೊಂದರ ಬೇರಿನಲ್ಲಿ ನೀರುಗುಳ್ಳೆಯೊಂದು ಹುಟ್ಟಿ, ಸದ್ದಿಲ್ಲದೆ ಬೆಳೆದು, ಕೆನ್ನೆಯೊಳಗೆ ಸೈನಸ್ ಎಂಬ ಖಾಲಿ ಕೋಣೆಗೆ ನುಗ್ಗಿ ಸಂಸಾರ ಹೂಡಿತ್ತು. ಮುಂಬೈಯಲ್ಲಿ ಖಾಲಿ ಕೋಣೆ ಕಂಡರೆ ಯಾರು ತಾನೇ ಬಿಡುತ್ತಾರೆ? ಕೀವಾಗಿ, ಊದಿ, ಮೂಗಿನ ದಾರಿಯೂ ಬಂದ್ ಆಗಿತ್ತು. ಕೆನ್ನೆ ಕೊಯ್ಯುತ್ತಾರೆಂದು ನಾನು ಬೆವರಿದರೆ ಅವರು ನಕ್ಕರು. ಮೂಗಿನ ಹೊಳ್ಳೆಯಿಂದಲೇ ಕ್ಯಾಮೆರಾ ಇರುವ ತೆಳು ನಳಿಗೆ ತೂರಿಸಿ ಗುಳ್ಳೆಯನ್ನು ಹೊರತೆಗೆಯುತ್ತಾರಂತೆ, ಹೊರಗೆ ಒಂದು ಗೀರೂ ಇಲ್ಲವಂತೆ. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಮಾತನ್ನು ವೈದ್ಯರು ಇಷ್ಟು ನಂಬಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ವಾಸನೆ ಮರಳುತ್ತದೆಯೇ ಎಂದು ಕೇಳಿದೆ. "ಬರಬಹುದು, ಮಾತು ಕೊಡಲಾರೆ" ಎಂದರು. ಆಗ ಮಾತ್ರ ನಿಜವಾಗಿ ಹೆದರಿದೆ. ಮೂಗಿಲ್ಲದ ಹೋಟೆಲಿನವನು ಗಲ್ಲಾದಲ್ಲಿ ಸೋಂಪು ಹಂಚುವುದಕ್ಕಷ್ಟೇ ಲಾಯಕ್ಕು.

ಆಪರೇಷನ್ ಸುಸೂತ್ರವಾಯಿತು. ಕಷ್ಟಪಟ್ಟದ್ದು ನೋಡಲು ಬಂದ ನೆಂಟರು. ಬ್ಯಾಂಡೇಜಿಲ್ಲ, ಹೊಲಿಗೆಯಿಲ್ಲ, ಮರುಗಲು ಒಂದು ಗಾಯವೂ ಇಲ್ಲ. ಡೊಂಬಿವಲಿಯಿಂದ ಗಾಡಿ ಬದಲಿಸಿ ಎಳನೀರು ಹೊತ್ತು ತಂದಿದ್ದ ಭಾವ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಆಪರೇಷನ್ ಆದದ್ದು ಹೌದೇ ಎಂದು ಹೆಂಡತಿಯ ಬಳಿ ಗುಟ್ಟಾಗಿ ವಿಚಾರಿಸಿದ.

ವಾರಗಳು ಕಳೆದರೂ ಮೂಗು ಮಾತಾಡಲಿಲ್ಲ. ಬೆಳಿಗ್ಗೆ ಸಾಂಬಾರಿನ ಮುಂದೆ ಹೆಂಡತಿ ಮೂಸುತ್ತಿದ್ದಳು, ನಾನು ಯಜಮಾನನಂತೆ ತಲೆಯಾಡಿಸುತ್ತಿದ್ದೆ. ಒಳಗೊಳಗೇ ಅಳು ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಲೋಕಲ್‌ನ ಲಗೇಜ್ ಡಬ್ಬಿಯಿಂದ ಒಣ ಬೊಂಬಿಲ್ ಮೀನಿನ ಬುಟ್ಟಿ ಇಳಿಯಿತು. ಹುಟ್ಟಿದಂದಿನಿಂದ ಉಸಿರು ಬಿಗಿಹಿಡಿದು ದಾಟಿದ ವಾಸನೆ ಅದು. ಈಗ ಮೂಗಿನೊಳಗೆ ಸಣ್ಣಗೆ, ಆಮೇಲೆ ಧಾರಾಳವಾಗಿ ಬಂತು. ನನ್ನ ಕಣ್ಣು ತುಂಬಿತು. ಬ್ರಿಜ್ ಹತ್ತುವವರೆಗೂ ಬುಟ್ಟಿಯ ಹಿಂದೆಯೇ ಹೋದೆ. ಬುಟ್ಟಿಯ ಒಡತಿ ತಿರುಗಿ, ಮೀನು ಬೇಕಾ ಕಾಕಾ ಎಂದು ಮರಾಠಿಯಲ್ಲಿ ಕೇಳಿದಳು. ಬೇಡವೆಂದು ಕೈಮುಗಿದೆ.

ಓಡಿ ಬಂದು ಹೆಂಡತಿಗೆ ಹೇಳಿದೆ. ಮೊದಲು ಬಂದದ್ದು ಯಾವ ವಾಸನೆ, ಮಲ್ಲಿಗೆಯದಾ ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಇರಲಿ ಮಾರಾಯ್ರೆ, ಬಂತಲ್ಲ. ಸ್ನಾನ ಮಾಡಿ ಅಡುಗೆಮನೆಗೆ ಹೋಗಿ."