ಗರಾಫಾದ ಗ್ಯಾರೇಜಿನಲ್ಲಿ ಐರ್ಲೆಂಡಿನ ರೈಲು

ದೋಹಾದ ಅಲ್ ಗರಾಫಾ ಬಡಾವಣೆಯ ಆ ವಿಲ್ಲಾದಲ್ಲಿ ಕಾರು ಹೊರಗೆ ಬಿಸಿಲಲ್ಲಿ ಬೇಯುತ್ತಿತ್ತು, ಗ್ಯಾರೇಜಿನೊಳಗೆ ಎ.ಸಿ. ಹಾಕಿಸಿಕೊಂಡು ಒಂದು ರೈಲು ಇತ್ತು. ಗೋಡೆಯಿಂದ ಗೋಡೆಗೆ ಮೇಜು, ಮೇಜಿನ ಮೇಲೆ ಐರ್ಲೆಂಡಿನ ಹಳ್ಳಿಗಾಡು. ತೊಳೆದು ಒಣಗಿಸಿದ ಚಹಾ ಚರಟದ ಕಪ್ಪು ನೆಲ, ಹಸಿರು ಬಣ್ಣ ಹಾಕಿದ ಮರದ ಪುಡಿಯ ಹುಲ್ಲು, ಸೂಕ್ ವಾಕಿಫ್ ಪೇಟೆಯಲ್ಲಿ ಕೊಂಡ ತೆಂಗಿನ ನಾರಿನ ಬ್ರಷ್ಷನ್ನು ಕತ್ತರಿಸಿ ಮಾಡಿದ ಬೇಲಿ. ನಡುವೆ ಒಂದೇ ಒಂದು ಸಪುರ ಹಳಿ. ದೋಹಾದ ಧೂಳು ಬಾಗಿಲ ಸಂದಿಯಿಂದ ನುಗ್ಗಿ ಪ್ರತಿ ವಾರ ಆ ಹುಲ್ಲನ್ನು ಬೂದುಬಣ್ಣಕ್ಕೆ ತಿರುಗಿಸುತ್ತಿತ್ತು. ಮನೆಯ ಯಜಮಾನರು ಶೇವಿಂಗ್ ಬ್ರಷ್ಷಿನಿಂದ ಅದನ್ನು ಗುಡಿಸುತ್ತಾ, "ನನ್ನ ಊರಿನಲ್ಲಿ ಇಲ್ಲದ್ದು ಇದೊಂದೇ. ಒಣ ಹವೆ!" ಎನ್ನುತ್ತಿದ್ದರು.

ಅವರು ಐರ್ಲೆಂಡಿನವರು, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ನಮ್ಮ ಪಾಳಿಯ ಮೇಲ್ವಿಚಾರಕರು. ನಾನು ಉಡುಪಿ ಕಡೆಯವನು, ಅದೇ ಪಾಳಿಯ ಇನ್ಸ್‌ಟ್ರುಮೆಂಟ್ ಎಂಜಿನಿಯರ್. ಅವರ ತಂದೆ ಒಂದು ಪುಟ್ಟ ಹಳ್ಳಿ ಸ್ಟೇಷನ್ನಿನ ಮಾಸ್ತರು. ಅಲ್ಲಿಗೆ ಬರುತ್ತಿದ್ದದ್ದು ಒಂದೇ ಡಬ್ಬಿಯ ರೈಲು, ಹಿಂದೆ ದನ ಸಾಗಿಸುವ ವ್ಯಾಗನ್ನು, ಹಾಲಿನ ಕ್ಯಾನುಗಳು. ಹೊಲದಿಂದ ಯಾರಾದರೂ ಓಡಿಬರುವುದು ಕಂಡರೆ ಡ್ರೈವರು ನಿಲ್ಲಿಸುತ್ತಿದ್ದನಂತೆ. ಇವರು ಹುಡುಗನಾಗಿದ್ದಾಗಲೇ ಆ ದಾರಿ ಮುಚ್ಚಿತು, ಹಳಿ ಕಿತ್ತು ಗುಜರಿಗೆ ಹೋಯಿತು. ಪ್ಲಾಟ್‌ಫಾರಂ ಈಗ ಯಾರದೋ ಹಿತ್ತಿಲಿನಲ್ಲಿದೆ, ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ ಎಂದು ಹೇಳಿ ಅವರು ಜೋರಾಗಿ ನಕ್ಕಿದ್ದರು.

ಆ ದಾರಿಗೆ ಒಂದು ಕೋಲಿತ್ತು. ಹಳಿ ಒಂದೇ ಆದ್ದರಿಂದ ಎರಡು ರೈಲು ಎದುರುಬದುರಾದರೆ ಮುಗಿಯಿತು. ಅದಕ್ಕೆ ಎರಡು ಸ್ಟೇಷನ್ನುಗಳ ನಡುವೆ ಒಂದೇ ಕೋಲು. ಅದು ಕೈಯಲ್ಲಿದ್ದ ಡ್ರೈವರು ಮಾತ್ರ ಮುಂದೆ ಹೋಗಬಹುದು. ಅದನ್ನು ಬೆಂಚಿನ ಮೇಲಿಟ್ಟು ಹೋಗುವಂತಿಲ್ಲ, ಬೇರೆಯವರ ಮೂಲಕ ಕಳಿಸುವಂತಿಲ್ಲ. ಮಾಸ್ತರು ಡ್ರೈವರನ ಮುಖ ನೋಡಿ ಕೈಗೆ ಕೊಡಬೇಕು. ಈ ಕೋಲಿನ ಕತೆ ನನಗೆ ಗೊತ್ತಾದದ್ದು ಆಮೇಲೆ. ಅದರ ನಿಯಮದಿಂದ ಒಂದು ಜೀವ ಉಳಿದದ್ದನ್ನು ಮೊದಲೇ ನೋಡಿದ್ದೆ.

ಸ್ಥಾವರವನ್ನು ರಿಪೇರಿಗೆಂದು ನಿಲ್ಲಿಸಿದ್ದ ದಿನಗಳು ಅವು. ಒಂದು ದೊಡ್ಡ ಉಕ್ಕಿನ ಟ್ಯಾಂಕಿನೊಳಗೆ ಫಿಟ್ಟರುಗಳು ಕೆಲಸ ಮಾಡುತ್ತಿದ್ದರು. ಅವರು ಹೊರಬಂದ ಮೇಲೆ ಅದಕ್ಕೆ ನೈಟ್ರೋಜನ್ ತುಂಬಬೇಕು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗಿದ್ದವನು ಕೂಗುವ ಮೊದಲೇ ಕುಸಿದಿರುತ್ತಾನೆ. ಅದಕ್ಕಾಗಿ ಒಂದು ಕ್ರಮವಿತ್ತು. ನೈಟ್ರೋಜನ್ ವಾಲ್ವಿಗೆ ಬೀಗ ಹಾಕಿ, ಅದರ ಕೀಲಿಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಟ್ಯಾಂಕಿನೊಳಗೆ ಹೋಗುವ ಪ್ರತಿಯೊಬ್ಬನೂ ಆ ಪೆಟ್ಟಿಗೆಗೆ ತನ್ನದೇ ಬೀಗ ಹಾಕುತ್ತಾನೆ. ಹೊರಬಂದು ತಾನೇ ತೆಗೆಯುತ್ತಾನೆ. ಎಲ್ಲ ಬೀಗ ತೆಗೆದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ.

ಆದರೆ ನಮ್ಮ ಕರಾವಳಿಯ ಹುಡುಗರ ಕ್ಯಾಂಪಿನಲ್ಲಿ 'ತನ್ನದೇ' ಎನ್ನುವುದು ಕಡಿಮೆ. ಒಬ್ಬ ಇನ್ನೊಬ್ಬನ ಟಿಫಿನ್ ತೊಳೆಯುತ್ತಾನೆ, ಮೆಸ್ಸಿನಲ್ಲಿ ಅವನ ಪಾಲಿನ ಮೀನು ಎತ್ತಿಡುತ್ತಾನೆ. ಆ ಸಂಜೆ ನಮ್ಮ ಊರ ಕಡೆಯ ಫಿಟ್ಟರ್ ಒಬ್ಬ ಹೊರಬಂದವನು, ಬೀಗ ತೆಗೆಯುವ ಮೊದಲೇ, ಮರೆತ ಸ್ಪ್ಯಾನರ್ ತರಲು ಮತ್ತೆ ಒಳಗೆ ಹೋದ. ಟ್ಯಾಂಕಿನ ಬಾಯಿಯ ಬಳಿ ಕಾವಲಿದ್ದವನು ಪಾಳಿ ಬದಲಾಯಿಸಲು ಆಚೆ ಹೋಗಿದ್ದ. ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಫಿಟ್ಟರನ ರೂಮ್‌ಮೇಟು, ಇವನು ಕೈ ತೊಳೆದು ಬಸ್ಸು ಹತ್ತಿರಬೇಕೆಂದುಕೊಂಡ. ಇವನ ಬೀಗದ ಕೈ ಟಿಫಿನ್ ಚೀಲದಲ್ಲಿರುವುದು ಅವನಿಗೆ ಗೊತ್ತು. ಪಾಪ, ಇದಕ್ಕಾಗಿ ಇಳಿದುಬಂದು ಬಸ್ಸು ತಪ್ಪದಿರಲಿ ಎಂದು ತನ್ನದರ ಜೊತೆ ಇವನ ಬೀಗವನ್ನೂ ತೆಗೆದ.

ಪೆಟ್ಟಿಗೆ ತೆರೆಯಿತು, ಟ್ಯಾಂಕಿನೊಳಗಿನ ಲೈಟು ಆರಿಸಿದರು. ನಾನು ಪ್ರೆಶರ್ ಗೇಜಿನ ಪಕ್ಕ ನಿಂತಿದ್ದೆ. ಆಪರೇಟರ್ ವಾಲ್ವಿನ ಕೆಂಪು ಹಿಡಿಯ ಮೇಲೆ ಕೈಯಿಟ್ಟಿದ್ದ.

"ಈ ಬೀಗ ಯಾರದು?" ಎಂದು ಮೇಲ್ವಿಚಾರಕರು ಕೇಳಿದರು. ತೆಗೆದ ಎರಡು ಬೀಗಗಳನ್ನು ಒಬ್ಬನೇ ಹಿಡಿದಿದ್ದದ್ದು ಅವರಿಗೆ ಕಂಡಿತ್ತು.

"ನನ್ನ ರೂಮಿನವನದು ಸಾರ್. ಅವನು ಬಸ್ಸಲ್ಲಿದ್ದಾನೆ."

"ಕರೆ. ನಾನು ಅವನ ಮುಖ ನೋಡಬೇಕು."

"ಸಾರ್, ಖಲಾಸ್ ಸಾರ್, ಕೆಲಸ ಮುಗಿದಿದೆ. ಬಸ್ಸು ಹೋಗ್ತದೆ!"

"ಹೋಗಲಿ."

ನಾನೇ ಬಸ್ಸಿಗೆ ಓಡಿದೆ. ಸೀಟಿನಿಂದ ಸೀಟಿಗೆ ನೋಡಿದೆ, ಅವನಿರಲಿಲ್ಲ. ಹಿಂತಿರುಗಿ ಓಡುವಾಗ ಮರಳಿನಲ್ಲಿ ಬೂಟು ಹೂತು ಕಾಲು ಏಳದೆ ಹೋದದ್ದು ಈಗಲೂ ಕಾಲಿಗೆ ನೆನಪಿದೆ. ನಾನು ತಲುಪುವ ಹೊತ್ತಿಗೆ ಟ್ಯಾಂಕಿನ ಬಾಯಿಂದ ಒಂದು ಹೆಲ್ಮೆಟ್ ಹೊರಬರುತ್ತಿತ್ತು. ಅದರ ಕೆಳಗೆ ಸಿಟ್ಟಾದ ಮುಖ.

"ಎಂತ ಮಾರಾಯ್ರೆ, ಒಳಗೆ ಮನುಷ್ಯ ಇರುವಾಗ ಲೈಟು ತೆಗೆಯುವುದಾ? ತಲೆ ಹೊಡೆಸಿಕೊಂಡೆ ನಾನು!"

ಅವನ ರೂಮ್‌ಮೇಟು ನೆಲದ ಮೇಲೆ ಕುಳಿತುಬಿಟ್ಟ. ಮೇಲ್ವಿಚಾರಕರು ಬೀಗವನ್ನು ಫಿಟ್ಟರನ ಅಂಗೈಯಲ್ಲಿಟ್ಟು ಅವನ ಬೆರಳು ಮಡಚಿದರು.

ಏನೂ ಆಗಲಿಲ್ಲ. ಅದೇ ನನಗೆ ಕಷ್ಟವಾಯಿತು. ಏನೂ ಆಗದ ವಿಷಯಕ್ಕೆ ಯಾರ ಮುಂದೆ ಅಳುವುದು? ಆ ಕೆಂಪು ಹಿಡಿ ನನ್ನೊಳಗೆ ತಿರುಗುತ್ತಲೇ ಇತ್ತು. ಊಟದ ತಟ್ಟೆಯ ಮುಂದೆ, ಕಾರಿನ ಸ್ಟಿಯರಿಂಗಿನ ಮುಂದೆ, ಎಲ್ಲಿ ಕುಳಿತರೂ. 'ಎಲ್ಲ ಸರಿಯಿದೆ, ಶುರು ಮಾಡಿ' ಎಂದು ಹೇಳುವುದು ನನ್ನ ಕೆಲಸದ ಭಾಗ. ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಒಂದೊಂದು ಗೇಜನ್ನು ಮತ್ತೆ ಮತ್ತೆ ನೋಡಿ, ಕೊನೆಗೆ ಪಕ್ಕದವನಿಗೆ ಹೇಳಲು ಬಿಡುತ್ತಿದ್ದೆ. ಮುಂದಿನ ರಿಪೇರಿಗೆ ಮೊದಲು ಕೆಲಸ ಬಿಟ್ಟು ಊರಿಗೆ ಹೋಗುವುದೆಂದು ತೀರ್ಮಾನಿಸಿ ಮೇಲ್ವಿಚಾರಕರಿಗೆ ಹೇಳಿದೆ.

ಅವರು ಬೇಡವೆನ್ನಲಿಲ್ಲ. "ಹೋಗು. ಅದಕ್ಕೆ ಮೊದಲು ಶುಕ್ರವಾರ ಮನೆಗೆ ಬಾ. ನನ್ನ ರೈಲಿಗೆ ಇನ್ನೊಂದು ತುದಿಯಲ್ಲಿ ಜನ ಬೇಕು" ಎಂದರು.

ಹಾಗೆ ನಾನು ಆ ಗ್ಯಾರೇಜಿಗೆ ಹೋದದ್ದು. ಮೇಜಿನ ನಡುವೆ ಹಳೆಯ ಬೆಡ್‌ಶೀಟ್ ನೇತುಹಾಕಿದ್ದರು. ಆಚೆ ಅವರ ಸ್ಟೇಷನ್ನು, ಈಚೆ ನನ್ನದು. ಒಬ್ಬರಿಗೊಬ್ಬರು ಕಾಣುವುದಿಲ್ಲ. ನಿಜವಾದ ಸ್ಟೇಷನ್ನುಗಳ ನಡುವೆಯೂ ಬೆಟ್ಟವಿತ್ತಲ್ಲ ಎಂದರು. ಅವರು ಗಂಟೆ ಬಾರಿಸಿದರೆ, ರೈಲು ಕಳಿಸಲೇ ಎಂಬ ಪ್ರಶ್ನೆ. ನನ್ನ ಕಡೆ ದಾರಿ ಖಾಲಿಯಿದ್ದರೆ ನಾನು ತಿರುಗಿ ಬಾರಿಸಬೇಕು.

ಮೊದಲ ಗಂಟೆ ಬಂತು. ನನ್ನ ಹಳಿಯ ಮೇಲೆ ಏನೂ ಇರಲಿಲ್ಲ. ಆಟದ ರೈಲು, ಬೆರಳುದ್ದದ ಎಂಜಿನ್. ಆದರೂ ಗಂಟೆಯ ಮೇಲೆ ಬೆರಳಿಟ್ಟು ಬೆವರಿದೆ. ಹಳಿ ನೋಡಿದೆ, ಬಗ್ಗಿ ಮೇಜಿನ ಕೆಳಗೂ ನೋಡಿದೆ. ಎ.ಸಿ. ಗುಂಯ್‌ಗುಡುತ್ತಿತ್ತು. ಪರದೆಯ ಆಚೆಯಿಂದ ಅವಸರದ ಎರಡನೆಯ ಗಂಟೆ ಬರಲಿಲ್ಲ. ತುಂಬ ಹೊತ್ತಾಯಿತು. ನನಗೇ ನಾಚಿಕೆಯಾಗಿ, "ಸಾರ್, ತಡವಾಗ್ತಿದೆ" ಎಂದೆ.

"ನನ್ನ ಕಡೆ ಒಂದು ಹಸು ಹಳಿ ದಾಟುತ್ತಿದೆ. ನಿಧಾನದ ಹಸು. ಅದರ ತಾಯಿಯೂ ಹಿಂದೆ ಬರುತ್ತಿದೆ" ಎಂದಿತು ಪರದೆ.

ನಾನು ನಕ್ಕೆ. ಆ ಸಂಜೆಯ ನಂತರ ನಕ್ಕದ್ದು ಅದೇ ಮೊದಲು. ಗಂಟೆ ಬಾರಿಸಿದೆ. ಬೆಡ್‌ಶೀಟಿನ ಕೆಳಗಿನಿಂದ ಎಂಜಿನ್ನು ಮೂತಿ ತೂರಿಸಿ, ಚಹಾ ಚರಟದ ಬಯಲು ದಾಟಿ, ನನ್ನ ಸ್ಟೇಷನ್ನಿಗೆ ಬಂದು ನಿಂತಿತು. ಅವರು ಎದ್ದು ಸುತ್ತು ಹಾಕಿ ಬಂದು, ಪೆನ್ಸಿಲ್ಲಿನಷ್ಟು ಉದ್ದದ ಕೋಲನ್ನು ನನ್ನ ಕೈಗೆ ಕೊಟ್ಟರು. "ಅಪ್ಪನ ರೈಲು ಎಂದೂ ಸರಿಯಾದ ಹೊತ್ತಿಗೆ ಹೋದದ್ದಿಲ್ಲ. ಜನ ಬೈಯುತ್ತಿದ್ದರು. ಬೈದು, ಮನೆಗೆ ಹೋಗಿ ಊಟ ಮಾಡುತ್ತಿದ್ದರು."

ಆ ಚಳಿಗಾಲವಿಡೀ ನನ್ನ ಶುಕ್ರವಾರಗಳು ಹಾಗೆ ಹೋದವು. ಹುಲ್ಲಿನ ಧೂಳು ಗುಡಿಸಿದೆ, ಬೆಂಕಿಕಡ್ಡಿಯಿಂದ ಗೇಟು ಮಾಡಿದೆ, ಅವರ ಹೆಂಡತಿ ಕೊಟ್ಟ ಕಪ್ಪು ಬ್ರೆಡ್ಡನ್ನು ಬೆಣ್ಣೆ ಮೆತ್ತಿ ತಿಂದೆ. ಆ ಸಂಜೆಯ ವಿಷಯ ಅವರಾಗಿ ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಿದಾಗ ಪೂರ್ತಿ ಕೇಳಿಸಿಕೊಂಡರು, ಎಷ್ಟನೆಯ ಸಲವಾದರೂ. ಊರಿಗೆ ಹೋಗುವ ಮಾತನ್ನು ನಾನು ಮುಂದೂಡುತ್ತಾ ಬಂದೆ.

ಮುಂದಿನ ರಿಪೇರಿ ಬಂದೇಬಂತು. ಅದೇ ಟ್ಯಾಂಕು, ಅದೇ ಫಿಟ್ಟರುಗಳು. ಮೇಲ್ವಿಚಾರಕರು ಈ ಸಲ ಪಕ್ಕಕ್ಕೆ ಸರಿದು ನಿಂತು, ಹೇಳುವ ಕೆಲಸವನ್ನು ನನಗೆ ಬಿಟ್ಟರು. ಬೀಗಗಳನ್ನೆಲ್ಲ ತೆಗೆದಾಗಿತ್ತು. ಆಪರೇಟರ್, "ಯಲ್ಲಾ ಸಾರ್? ಶುರು ಮಾಡುವುದಾ?" ಎಂದ. "ಇಲ್ಲ. ಎಲ್ಲರೂ ಇಲ್ಲಿ ಬಂದು ನಿಲ್ಲಿ" ಎಂದೆ. ಬಸ್ಸು ಹತ್ತಿದ್ದವರನ್ನು ಇಳಿಸಿದೆ. ಸಾಲಾಗಿ ನಿಂತರು, ಗೊಣಗಿದರು. ಒಬ್ಬೊಬ್ಬರ ಮುಖ ನೋಡಿದೆ, ಎರಡನೆಯ ಸಲವೂ ನೋಡಿದೆ. ಕೊನೆಯಲ್ಲಿ ಅವನಿದ್ದ, ನಮ್ಮ ಫಿಟ್ಟರ್. ಪಕ್ಕದಲ್ಲಿ ರೂಮ್‌ಮೇಟು.

"ಎಂತ ಎಂಜಿನಿಯರ್ರೇ, ಹೆಣ್ಣು ನೋಡುವ ಹಾಗೆ ನೋಡ್ತೀರಲ್ಲ! ಇವತ್ತು ಮೆಸ್ಸಲ್ಲಿ ಬಂಗುಡೆ. ನಾವು ಹೋಗುವಾಗ ಸಾರು ಮಾತ್ರ ಇರ್ತದೆ ಅಷ್ಟೆ."

"ಸಾರು ಕುಡಿ" ಎಂದೆ. ಆಮೇಲೆ ಆಪರೇಟರನ ಕಡೆ ತಿರುಗಿ, ಎಲ್ಲ ಸರಿಯಿದೆ, ಶುರು ಮಾಡಿ ಎಂದು ಹೇಳಿದೆ.

ಬಸ್ಸು ಹೊರಟಿತು. ಕಿಟಕಿಯಿಂದ ಅವನಿನ್ನೂ ನನ್ನನ್ನು ಬೈಯುತ್ತಲೇ ಇದ್ದ. ಎಲ್ಲ ಮಾತೂ ಕೇಳಿಸಲಿಲ್ಲ, ಕೇಳಿಸಿದಷ್ಟನ್ನು ನಿಂತು ಕೇಳಿದೆ.